ಶ್ವಾಸಕೋಶದಲ್ಲಿ ಕಂಡ ಗಂಟು: ಭಯವೂ ಬೇಡ, ಉದಾಸೀನವೂ ಬೇಡ

ದೇಹದ ಒಳಭಾಗವನ್ನು ಹೊರಗಿನಿಂದಲೇ ನೋಡುವ ಸಾಧನಗಳು ಸೂಕ್ಷ್ಮವಾದಂತೆಲ್ಲ ವೈದ್ಯರ ಕಣ್ಣಿಗೆ ಬೀಳುವ ಸಂಗತಿಗಳೂ ಹೆಚ್ಚುತ್ತವೆ. ಎದೆಯ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಗಂಟು ಕಾಣುವುದು ಕಷ್ಟ. ಸಿ.ಟಿ. ಸ್ಕ್ಯಾನ್‌ನಲ್ಲಿ ಜೋಳದ ಕಾಳಿನಷ್ಟು ಸಣ್ಣ ಗಂಟೂ ಸ್ಪಷ್ಟವಾಗಿ ಗೋಚರಿಸುತ್ತದೆ. ಹೀಗೆ ಅನಿರೀಕ್ಷಿತವಾಗಿ ಕಂಡ ಗಂಟು ಏನನ್ನು ಸೂಚಿಸುತ್ತದೆ, ಅದರ ಸ್ವರೂಪವನ್ನು ನಿರ್ಧರಿಸುವ ಬಗೆ ಹೇಗೆ, ರೋಗಿಯೂ ಅವನ ಮನೆಯವರೂ ಯಾವ ಎಚ್ಚರಿಕೆ ವಹಿಸಬೇಕು ಎಂಬುದನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ.

2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು ಪುಣೆಯಲ್ಲಿ ಪತ್ತೆಯಾದರು. ಅನಂತರದ ಎರಡು ವರ್ಷಗಳಲ್ಲಿ ಆ ನಗರದಲ್ಲಿಯೂ ದೇಶದ ಇತರೆಡೆಗಳಲ್ಲಿಯೂ ಹಿಂದೆಂದೂ ಇಲ್ಲದಷ್ಟು ಜನರ ಎದೆಯ ಸಿ.ಟಿ. ಪರೀಕ್ಷೆ ನಡೆಯಿತು. ‘ಎಚ್.ಆರ್.ಸಿ.ಟಿ.’ ಎಂಬ ಪದ ಮನೆಮಾತಾಯಿತು. ಸೋಂಕಿನ ಗುರುತುಗಳನ್ನು ಹುಡುಕಲು ಮಾಡಿದ ಈ ಪರೀಕ್ಷೆಗಳಲ್ಲಿ ಕೆಲವರಿಗೆ ಸೋಂಕಿಗೆ ಸಂಬಂಧವೇ ಇಲ್ಲದ ಗಂಟುಗಳೂ ಕಂಡುಬಂದವು. ಸೋಂಕು ಗುಣವಾದ ಬಳಿಕ ಕೆಲವರು ವರದಿಯನ್ನು ಮರೆತರು. ಕೆಲವರು ಕ್ಯಾನ್ಸರ್ ಬಂದಿತೆಂದೇ ಭಾವಿಸಿ ಕಂಗೆಟ್ಟರು. ಈ ಎರಡೂ ಪ್ರತಿಕ್ರಿಯೆಗಳು ಸರಿಯಲ್ಲ.

ಗಂಟು ಎಂದರೇನು?

ಶ್ವಾಸಕೋಶದ ಗಾಳಿ ತುಂಬಿದ ಭಾಗವು ಸಿ.ಟಿ. ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಅದರ ನಡುವೆ ದುಂಡಾಗಿ ಅಥವಾ ಬಹುಮಟ್ಟಿಗೆ ದುಂಡಾಗಿ ಬಿಳುಪಾಗಿ ಕಾಣುವ, 30 ಮಿಲಿಮೀಟರ್‌ವರೆಗಿನ ವ್ಯಾಸದ ಚುಕ್ಕೆಗೆ ಗಂಟು ಅಥವಾ ನಾಡ್ಯೂಲ್ ಎಂದು ಹೆಸರು. 30 ಮಿಲಿಮೀಟರಿಗಿಂತ ದೊಡ್ಡದಾದುದನ್ನು ಗಡ್ಡೆ ಎಂದು ಕರೆಯಲಾಗುತ್ತದೆ. ಗಡ್ಡೆಯಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚಾಗಿರುವುದರಿಂದ ಅದರ ತಪಾಸಣೆಯನ್ನು ಸ್ವಲ್ಪವೂ ಮುಂದೂಡುವಂತಿಲ್ಲ.

ಗಂಟು ಎಂಬುದು ರೋಗದ ಹೆಸರಲ್ಲ, ನೆರಳಿನ ವರ್ಣನೆ ಮಾತ್ರ. ಆ ನೆರಳಿಗೆ ಹಲವು ಕಾರಣಗಳಿರಬಹುದು. ಹಿಂದೆಂದೋ ಬಂದು ಮಾಸಿದ ಕ್ಷಯದ ಗುರುತು, ಈಗ ಸಕ್ರಿಯವಾಗಿರುವ ಕ್ಷಯ, ಶಿಲೀಂಧ್ರದ ಸೋಂಕು, ಶ್ವಾಸಕೋಶದೊಳಗಿನ ಸಣ್ಣ ದುಗ್ಧಗ್ರಂಥಿ, ಅಪಾಯವಿಲ್ಲದ ಹ್ಯಾಮರ್ಟೋಮಾ ಎಂಬ ಬೆಳವಣಿಗೆ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಇವೆಲ್ಲ ಗಂಟಿನ ರೂಪದಲ್ಲಿ ಕಾಣಿಸಬಹುದು. ಕುರಿ ಮತ್ತು ನಾಯಿಗಳ ಒಡನಾಟವಿರುವ ಪ್ರದೇಶಗಳಲ್ಲಿ ಹೈಡಾಟಿಡ್ ಎಂಬ ಹುಳುವಿನ ಕೋಶವೂ ಶ್ವಾಸಕೋಶದಲ್ಲಿ ಬೆಳೆಯುವುದುಂಟು. ಶ್ವಾಸಕೋಶದಲ್ಲಿಯೇ ಹುಟ್ಟಿದ ಕ್ಯಾನ್ಸರ್ ಅಥವಾ ಬೇರೊಂದು ಅಂಗದಿಂದ ಹರಡಿ ಬಂದ ಕ್ಯಾನ್ಸರ್ ಈ ಪಟ್ಟಿಯಲ್ಲಿ ಸೇರಿದ ಇನ್ನೆರಡು ಕಾರಣಗಳು.

ಅಮೆರಿಕದಲ್ಲಿ ದೀರ್ಘಕಾಲ ಸಿಗರೇಟು ಸೇದಿದ 53,454 ಮಂದಿಯನ್ನು ಒಳಗೊಂಡ ಒಂದು ಬೃಹತ್ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅಲ್ಲಿ ಕಡಿಮೆ ವಿಕಿರಣದ ಸಿ.ಟಿ. ಪರೀಕ್ಷೆಯಲ್ಲಿ ಅನುಮಾನಾಸ್ಪದವೆಂದು ಗುರುತಿಸಲಾದ ಪ್ರತಿ ನೂರು ಫಲಿತಾಂಶಗಳಲ್ಲಿ ಸುಮಾರು 96 ಕ್ಯಾನ್ಸರ್ ಅಲ್ಲವೆಂದು ಕೊನೆಗೆ ಸಿದ್ಧವಾಯಿತು. ಅದೇ ಅಧ್ಯಯನದಲ್ಲಿ, ಕ್ಷ-ಕಿರಣ ಪರೀಕ್ಷೆಗೆ ಒಳಗಾದವರಿಗೆ ಹೋಲಿಸಿದರೆ ಸಿ.ಟಿ. ಪರೀಕ್ಷೆಗೆ ಒಳಗಾದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಾದ ಸಾವುಗಳು ಶೇಕಡಾ 20ರಷ್ಟು ಕಡಿಮೆಯಾದವು. ಬಹುಪಾಲು ಗಂಟುಗಳು ನಿರಪಾಯಕರ ಎಂಬುದು ಈ ಅಧ್ಯಯನದ ಒಂದು ಪಾಠ. ಅಪಾಯಕರವಾದುದನ್ನು ಬೇಗ ಗುರುತಿಸಿದರೆ ಜೀವ ಉಳಿಯುತ್ತದೆ ಎಂಬುದು ಇನ್ನೊಂದು ಪಾಠ.

ಪುಣೆಯ ಸನ್ನಿವೇಶ

ಎದೆರೋಗಗಳ ಚಿಕಿತ್ಸೆಯಲ್ಲಿ ಪುಣೆಗೆ ದೀರ್ಘ ಪರಂಪರೆಯಿದೆ. 1867ರಷ್ಟು ಹಳೆಯದಾದ ಸಸೂನ್ ಆಸ್ಪತ್ರೆ ಮತ್ತು ಅದಕ್ಕೆ ಹೊಂದಿಕೊಂಡ ಬಿ.ಜೆ. ವೈದ್ಯಕೀಯ ಮಹಾವಿದ್ಯಾಲಯ, 1948ರಲ್ಲಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯ, ಸೈನಿಕರಿಗಾಗಿ ಇರುವ ಹೃದಯ ಮತ್ತು ಎದೆ ರೋಗಗಳ ಸೇನಾ ಸಂಸ್ಥೆ ಇವು ಈ ನಗರದಲ್ಲಿವೆ. ಪಿಂಪ್ರಿಯಲ್ಲಿ 1954ರಲ್ಲಿ ಆರಂಭವಾದ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯು ಪೆನಿಸಿಲಿನ್ ಜೊತೆಗೆ ಕ್ಷಯನಿವಾರಕವಾದ ಸ್ಟ್ರೆಪ್ಟೋಮೈಸಿನ್ ಔಷಧಿಯನ್ನೂ ತಯಾರಿಸಿತು.

ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳ ಕನ್ನಡ ಭಾಷಿಕರೂ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಜನರೂ ದುಡಿಮೆಗಾಗಿ ಮತ್ತು ಚಿಕಿತ್ಸೆಗಾಗಿ ಪುಣೆಗೆ ಹೋಗುತ್ತಾರೆ. ಕಟ್ಟಡ ನಿರ್ಮಾಣ, ಕಲ್ಲು ಕೆಲಸ, ಎರಕದ ಕಾರ್ಖಾನೆ ಇವುಗಳಲ್ಲಿ ದುಡಿಯುವವರು ಸಿಲಿಕಾ ಧೂಳನ್ನು ಉಸಿರಾಡುವ ಸಂಭವವಿದೆ. ಸೊಲ್ಲಾಪುರವು ಬೀಡಿ ಕಟ್ಟುವ ಕಸುಬಿಗೂ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ನಿಪ್ಪಾಣಿಯು ತಂಬಾಕಿನ ವ್ಯಾಪಾರಕ್ಕೂ ಹೆಸರಾದ ಊರುಗಳು. ಬೀಡಿಯ ಹೊಗೆ ಸಿಗರೇಟಿನ ಹೊಗೆಯಷ್ಟೇ ಹಾನಿಕರ. ಧೂಳು, ಹೊಗೆ ಮತ್ತು ಕ್ಷಯ ಈ ಮೂರೂ ಒಂದೇ ಶ್ವಾಸಕೋಶದಲ್ಲಿ ಕೂಡಿದಾಗ ಸಿ.ಟಿ. ಚಿತ್ರವನ್ನು ಅರ್ಥೈಸುವುದು ತಜ್ಞರಿಗೂ ಸವಾಲಾಗುತ್ತದೆ.

ವೈದ್ಯರು ಏನನ್ನು ಗಮನಿಸುತ್ತಾರೆ?

ಗಂಟು ಕಂಡೊಡನೆ ವೈದ್ಯರು ಎರಡು ವಿಷಯಗಳನ್ನು ಜೊತೆಯಾಗಿ ಪರಿಶೀಲಿಸುತ್ತಾರೆ. ಒಂದು ಗಂಟಿನ ಲಕ್ಷಣ, ಇನ್ನೊಂದು ಆ ಗಂಟನ್ನು ಹೊತ್ತ ವ್ಯಕ್ತಿಯ ಪೂರ್ವವೃತ್ತಾಂತ.

ಗಾತ್ರ: 6 ಮಿಲಿಮೀಟರಿಗಿಂತ, ಎಂದರೆ ಸುಮಾರಾಗಿ ತೊಗರಿ ಕಾಳಿಗಿಂತ, ಚಿಕ್ಕದಾದ ಗಂಟಿನಲ್ಲಿ ಕ್ಯಾನ್ಸರ್ ಇರುವ ಸಂಭವ ತೀರಾ ಕಡಿಮೆ. ಗಾತ್ರ ಹೆಚ್ಚಿದಂತೆ ಸಂಭವವೂ ಹೆಚ್ಚುತ್ತದೆ.

ಅಂಚು: ನುಣುಪಾದ, ಸ್ಪಷ್ಟವಾದ ಅಂಚು ಸಾಮಾನ್ಯವಾಗಿ ಒಳ್ಳೆಯ ಸೂಚನೆ. ಸೂರ್ಯನ ಕಿರಣಗಳಂತೆ ಸುತ್ತಲೂ ಗೆರೆಗಳು ಚಾಚಿಕೊಂಡಿದ್ದರೆ ಅನುಮಾನಕ್ಕೆ ಎಡೆಯಿದೆ. ಆದಾಗ್ಯೂ ಹಳೆಯ ಕ್ಷಯದ ಕಲೆಯೂ ಕೆಲವೊಮ್ಮೆ ಹೀಗೆಯೇ ಕಾಣಬಹುದು.

ಸುಣ್ಣದಂಶ: ಗಂಟಿನ ನಡುಭಾಗದಲ್ಲಿ ಅಥವಾ ಇಡೀ ಗಂಟಿನಲ್ಲಿ ಸಮನಾಗಿ ಸುಣ್ಣದಂಶ ಕೂಡಿದ್ದರೆ ಅದು ಬಹುತೇಕ ಹಳೆಯ, ವಾಸಿಯಾದ ಸೋಂಕಿನ ಗುರುತು. ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ಚುಕ್ಕೆಗಳಂತೆ ಇದ್ದರೆ ಅಂಥ ಭರವಸೆ ನೀಡಲಾಗದು.

ಸಾಂದ್ರತೆ: ಕೆಲವು ಗಂಟುಗಳು ಗಟ್ಟಿಯಾಗಿರುತ್ತವೆ. ಕೆಲವು ಮಸುಕು ಗಾಜಿನಂತೆ ತೆಳುವಾಗಿ ಕಾಣುತ್ತವೆ. ಮಸುಕಿನ ನಡುವೆ ಗಟ್ಟಿ ಭಾಗವೂ ಇದ್ದು, ಅದು ಮಾಸದೆ ಉಳಿದರೆ ಅಥವಾ ಬೆಳೆದರೆ ಹೆಚ್ಚಿನ ಎಚ್ಚರ ಅಗತ್ಯ.

ಸ್ಥಾನ: ಕ್ಯಾನ್ಸರ್ ಗಂಟುಗಳು ಶ್ವಾಸಕೋಶದ ಮೇಲ್ಭಾಗದಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಕ್ಷಯವೂ ಅದೇ ಭಾಗವನ್ನು ಆಶ್ರಯಿಸುವುದರಿಂದ ನಮ್ಮ ದೇಶದಲ್ಲಿ ಸ್ಥಾನವೊಂದರಿಂದಲೇ ತೀರ್ಮಾನಕ್ಕೆ ಬರಲಾಗದು.

ವ್ಯಕ್ತಿಯ ವಯಸ್ಸು, ಧೂಮಪಾನದ ಅವಧಿ ಮತ್ತು ಪ್ರಮಾಣ, ಕುಟುಂಬದಲ್ಲಿ ಶ್ವಾಸಕೋಶದ ಕ್ಯಾನ್ಸರ್, ಹಿಂದೆ ಬಂದ ಬೇರೆ ಕ್ಯಾನ್ಸರ್, ಕಲ್ನಾರು ಅಥವಾ ಸಿಲಿಕಾ ಧೂಳಿನ ಸಂಪರ್ಕ, ಹಿಂದಿನ ಕ್ಷಯ ಇವುಗಳನ್ನು ವೈದ್ಯರು ವಿಚಾರಿಸುತ್ತಾರೆ. ಇವಕ್ಕೆ ಮರೆಮಾಚದೆ ಉತ್ತರ ನೀಡಬೇಕು. ಧೂಮಪಾನ ಮಾಡದವರಿಗೂ, ಅದರಲ್ಲಿಯೂ ಮಹಿಳೆಯರಿಗೆ, ಶ್ವಾಸಕೋಶದ ಕ್ಯಾನ್ಸರ್ ಬರುವುದುಂಟು. ಆದುದರಿಂದ ‘ಬೀಡಿ ಮುಟ್ಟಿಲ್ಲ’ ಎಂಬ ಕಾರಣದಿಂದ ವರದಿಯನ್ನು ಬದಿಗಿಡಬಾರದು.

ಕಾದು ನೋಡುವುದೂ ಒಂದು ಪರೀಕ್ಷೆಯೇ

ಗಂಟಿನ ಸ್ವಭಾವವನ್ನು ತಿಳಿಸುವ ಸಾಕ್ಷಿಗಳಲ್ಲಿ ಕಾಲವು ಮುಖ್ಯವಾದುದು. ಗಟ್ಟಿಯಾದ ಕ್ಯಾನ್ಸರ್ ಗಂಟುಗಳ ಗಾತ್ರ ಸಾಮಾನ್ಯವಾಗಿ 20ರಿಂದ 400 ದಿನಗಳೊಳಗೆ ಇಮ್ಮಡಿಯಾಗುತ್ತದೆ. ಎರಡು ವರ್ಷ ಕಳೆದರೂ ಬೆಳೆಯದ ಗಟ್ಟಿ ಗಂಟನ್ನು ನಿರಪಾಯಕರವೆಂದು ಪರಿಗಣಿಸಲಾಗುತ್ತದೆ. ಮಸುಕು ಗಾಜಿನಂಥ ಗಂಟುಗಳು ಬಹಳ ನಿಧಾನವಾಗಿ ಬೆಳೆಯುವುದರಿಂದ ಅವುಗಳನ್ನು ಐದು ವರ್ಷಗಳವರೆಗೆ ಗಮನಿಸಬೇಕಾಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ತಿಳಿದಿರುವುದು ಒಳಿತು. 8 ಮಿಲಿಮೀಟರ್ ವ್ಯಾಸದ ದುಂಡನೆಯ ಗಂಟು 10 ಮಿಲಿಮೀಟರಿಗೆ ಬೆಳೆದರೆ ಹೆಚ್ಚಳ ಎರಡೇ ಮಿಲಿಮೀಟರ್ ಎಂದು ಕೆಲವರು ಸಮಾಧಾನ ತಾಳಬಹುದು. ವಾಸ್ತವವಾಗಿ ಅದರ ಘನಗಾತ್ರ ಸುಮಾರು 268 ಘನ ಮಿಲಿಮೀಟರಿನಿಂದ 524 ಘನ ಮಿಲಿಮೀಟರಿಗೆ ಏರಿ ಬಹುಮಟ್ಟಿಗೆ ಇಮ್ಮಡಿಯಾಗಿರುತ್ತದೆ. ಹಾಗೆಯೇ 8 ಮಿಲಿಮೀಟರ್ ಇದ್ದುದು ಮುಂದಿನ ವರದಿಯಲ್ಲಿ 9 ಎಂದು ಬರೆದಿದ್ದರೆ ಅದು ಅಳತೆಯ ವ್ಯತ್ಯಾಸವೂ ಆಗಿರಬಹುದು. ಎರಡೂ ಬಾರಿಯ ಚಿತ್ರಗಳನ್ನು ಒಟ್ಟಿಗಿಟ್ಟು ತಜ್ಞರು ನೋಡಿದಾಗ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಹಲವು ದೇಶಗಳ ಎದೆ ಚಿತ್ರಣ ತಜ್ಞರನ್ನು ಒಳಗೊಂಡ ಫ್ಲೈಶ್ನರ್ ಸೊಸೈಟಿಯು 2017ರಲ್ಲಿ ಪರಿಷ್ಕರಿಸಿದ ಸೂತ್ರಗಳನ್ನು ವೈದ್ಯರು ವ್ಯಾಪಕವಾಗಿ ಬಳಸುತ್ತಾರೆ. ಒಂಟಿ ಗಟ್ಟಿ ಗಂಟಿಗೆ ಸಂಬಂಧಿಸಿದಂತೆ ಅವುಗಳ ಸಾರಾಂಶ ಹೀಗಿದೆ:

1. 6 ಮಿಲಿಮೀಟರಿಗಿಂತ ಚಿಕ್ಕದಾಗಿದ್ದು, ಅಪಾಯದ ಅಂಶಗಳು ಇಲ್ಲದಿದ್ದರೆ ಸಾಮಾನ್ಯವಾಗಿ ಮರುಪರೀಕ್ಷೆ ಬೇಕಿಲ್ಲ. ಅಪಾಯದ ಅಂಶಗಳಿದ್ದರೆ 12 ತಿಂಗಳ ಬಳಿಕ ಒಮ್ಮೆ ಸಿ.ಟಿ. ಮಾಡಿಸುವ ವಿಷಯವನ್ನು ವೈದ್ಯರು ನಿರ್ಧರಿಸುತ್ತಾರೆ.

2. 6ರಿಂದ 8 ಮಿಲಿಮೀಟರ್ ಇದ್ದರೆ 6ರಿಂದ 12 ತಿಂಗಳೊಳಗೆ ಮರುಪರೀಕ್ಷೆ, ಅಗತ್ಯವೆನಿಸಿದರೆ 18ರಿಂದ 24 ತಿಂಗಳೊಳಗೆ ಮತ್ತೊಮ್ಮೆ.

3. 8 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ ಮೂರು ತಿಂಗಳಲ್ಲಿ ಮರುಪರೀಕ್ಷೆ, ಇಲ್ಲವೆ ಪೆಟ್ ಸ್ಕ್ಯಾನ್, ಇಲ್ಲವೆ ಅಂಗಾಂಶದ ತುಣುಕನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿ. ಇವುಗಳಲ್ಲಿ ಯಾವುದೆಂಬುದು ಅನುಮಾನದ ಪ್ರಮಾಣವನ್ನು ಅವಲಂಬಿಸಿರುತ್ತದೆ.

35 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ, ಮೊದಲೇ ಕ್ಯಾನ್ಸರ್ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಈ ಸೂತ್ರಗಳು ಅನ್ವಯಿಸುವುದಿಲ್ಲ. ಜ್ವರ, ಕಫ, ತೂಕ ಇಳಿಕೆ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದಾದರೂ ಇದ್ದರೆ ತಿಂಗಳುಗಟ್ಟಲೆ ಕಾಯದೆ ಕೂಡಲೇ ತಪಾಸಣೆ ಆಗಬೇಕು.

ಪದೇ ಪದೇ ಸಿ.ಟಿ. ಮಾಡಿಸಿದರೆ ವಿಕಿರಣದಿಂದ ಅಪಾಯವಾಗದೇ ಎಂಬ ಶಂಕೆ ಸಹಜ. ಕಡಿಮೆ ವಿಕಿರಣದ ವಿಧಾನದಲ್ಲಿ ಎದೆಯ ಸಿ.ಟಿ. ಮಾಡಿದಾಗ ದೇಹಕ್ಕೆ ತಗಲುವ ವಿಕಿರಣ ಸುಮಾರು ಒಂದೂವರೆ ಮಿಲಿಸೀವರ್ಟ್. ಒಬ್ಬ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ ಎರಡರಿಂದ ಮೂರು ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಗಂಟಿನ ಮರುಪರೀಕ್ಷೆಗೆ ಈ ವಿಧಾನವೇ ಸಾಕು. ವೈದ್ಯರು ಸೂಚಿಸಿದ ಅವಧಿಗಿಂತ ಮೊದಲೇ ಆತಂಕದಿಂದ ಪರೀಕ್ಷೆ ಮಾಡಿಸುವುದರಿಂದ ಪ್ರಯೋಜನವಿಲ್ಲ. ಅಷ್ಟರಲ್ಲಿ ಗಂಟು ಅಳತೆಗೆ ಸಿಗುವಷ್ಟು ಬೆಳೆದಿರುವುದಿಲ್ಲ.

ಕ್ಷಯವೋ ಕ್ಯಾನ್ಸರೋ?

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಆದುದರಿಂದ ಶ್ವಾಸಕೋಶದಲ್ಲಿ ನೆರಳು ಕಂಡರೆ ಮೊದಲು ಕ್ಷಯವೇ ಮನಸ್ಸಿಗೆ ಬರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಆ ಊಹೆ ನಿಜವೂ ಆಗಿರುತ್ತದೆ. ಊಹೆಯ ಆಧಾರದ ಮೇಲೆಯೇ ಕ್ಷಯದ ಔಷಧಿಯನ್ನು ಆರಂಭಿಸಿ, ಫಲ ಕಾಣದಿದ್ದರೂ ತಿಂಗಳುಗಟ್ಟಲೆ ಮುಂದುವರಿಸುವುದರಲ್ಲಿ ಅಪಾಯವಿದೆ. ಭಾರತದಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಜನರಿಗೆ ರೋಗ ಮೂರನೆಯ ಅಥವಾ ನಾಲ್ಕನೆಯ ಹಂತ ತಲುಪಿದ ಮೇಲೆಯೇ ಅದು ತಿಳಿದುಬರುತ್ತದೆ. ಹೀಗೆ ತಡವಾಗಲು ಕ್ಷಯವೆಂದು ಭಾವಿಸಿ ನೀಡಿದ ಚಿಕಿತ್ಸೆಯೂ ಒಂದು ಕಾರಣ.

ಇದಕ್ಕೆ ಪರಿಹಾರವೆಂದರೆ ರೋಗಾಣುವಿನ ಪುರಾವೆಯನ್ನು ಹುಡುಕುವುದು. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯ ಜೊತೆಗೆ ಕ್ಷಯಾಣುವಿನ ಆನುವಂಶಿಕ ವಸ್ತುವನ್ನೇ ಪತ್ತೆಹಚ್ಚುವ ಸಿ.ಬಿ.ನ್ಯಾಟ್, ಟ್ರೂನ್ಯಾಟ್ ಪರೀಕ್ಷೆಗಳು ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದ ಅಡಿಯಲ್ಲಿ ಉಚಿತವಾಗಿ ದೊರೆಯುತ್ತವೆ. ಸಣ್ಣ ಗಂಟು ಮಾತ್ರ ಇರುವವರಿಗೆ ಕಫವೇ ಬಾರದಿರಬಹುದು. ಆಗ ಶ್ವಾಸನಾಳದೊಳಗೆ ದರ್ಶಕವನ್ನು ಇಳಿಸಿ ಮಾದರಿಯನ್ನು ಪಡೆಯಲಾಗುತ್ತದೆ. ಪುರಾವೆ ದೊರೆಯದಿದ್ದರೂ ಔಷಧಿ ಆರಂಭಿಸಬೇಕಾಗಿ ಬಂದರೆ, ಎಂಟು ವಾರಗಳ ಸುಮಾರಿಗೆ ಮತ್ತೆ ಚಿತ್ರ ತೆಗೆದು ನೋಡುವುದು ಅಗತ್ಯ. ಗಂಟು ಕುಗ್ಗದಿದ್ದರೆ, ಅಥವಾ ಬೆಳೆದಿದ್ದರೆ, ರೋಗನಿರ್ಣಯವನ್ನೇ ಮರುಪರಿಶೀಲಿಸಬೇಕು. ಕ್ಷಯ ಮತ್ತು ಕ್ಯಾನ್ಸರ್ ಒಬ್ಬರಲ್ಲಿಯೇ ಒಟ್ಟಿಗೆ ಇರುವುದೂ ಅಪರೂಪವಲ್ಲ.

ಪೆಟ್ ಸ್ಕ್ಯಾನ್ ಮತ್ತು ಬಯಾಪ್ಸಿ

ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣಶೀಲ ಸಕ್ಕರೆಯ ದ್ರಾವಣವನ್ನು ರಕ್ತನಾಳಕ್ಕೆ ನೀಡಲಾಗುತ್ತದೆ. ಚಟುವಟಿಕೆ ಹೆಚ್ಚಿರುವ ಜೀವಕೋಶಗಳು ಈ ಸಕ್ಕರೆಯನ್ನು ಅಧಿಕವಾಗಿ ಹೀರಿ ಚಿತ್ರದಲ್ಲಿ ಹೊಳೆಯುತ್ತವೆ. ಕ್ಯಾನ್ಸರ್ ಹೊಳೆಯುತ್ತದೆ, ಸಕ್ರಿಯ ಕ್ಷಯವೂ ಹೊಳೆಯುತ್ತದೆ. ಆದ್ದರಿಂದ ಹೊಳಪು ಕಂಡಿತೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ತೀರ್ಮಾನಿಸುವಂತಿಲ್ಲ. 8 ಮಿಲಿಮೀಟರಿಗಿಂತ ಚಿಕ್ಕ ಗಂಟುಗಳಲ್ಲಿ ಮತ್ತು ನಿಧಾನವಾಗಿ ಬೆಳೆಯುವ ಕೆಲವು ಬಗೆಯ ಕ್ಯಾನ್ಸರುಗಳಲ್ಲಿ ಹೊಳಪು ಕಾಣದೆಯೂ ಇರಬಹುದು. ಶ್ವಾಸಕೋಶದ ಹೊರಗೆ ರೋಗ ಹರಡಿದೆಯೇ ಎಂದು ತಿಳಿಯಲು ಈ ಪರೀಕ್ಷೆ ಬಹು ಉಪಯುಕ್ತ.

ಅನುಮಾನ ಬಲವಾದಾಗ ಬಯಾಪ್ಸಿ ಅನಿವಾರ್ಯ. ಗಂಟು ಎದೆಗೋಡೆಯ ಸಮೀಪದಲ್ಲಿದ್ದರೆ ಸಿ.ಟಿ. ಚಿತ್ರದ ಮಾರ್ಗದರ್ಶನದಲ್ಲಿ ಸೂಜಿಯಿಂದ ತುಣುಕನ್ನು ತೆಗೆಯಲಾಗುತ್ತದೆ. ಶ್ವಾಸನಾಳದ ಹತ್ತಿರವಿದ್ದರೆ ಬ್ರಾಂಕೋಸ್ಕೋಪಿ ಮೂಲಕ ತೆಗೆಯಲಾಗುತ್ತದೆ. ಸೂಜಿ ಬಯಾಪ್ಸಿಯಲ್ಲಿ ಶ್ವಾಸಕೋಶದ ಹೊರಗೆ ಗಾಳಿ ಸೋರುವುದುಂಟು. ಬಹಳಷ್ಟು ರೋಗಿಗಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಕೆಲವರಿಗೆ ಎದೆಗೆ ನಳಿಕೆ ಹಾಕಬೇಕಾಗುತ್ತದೆ. ಹೈಡಾಟಿಡ್ ಕೋಶ ಅಥವಾ ರಕ್ತನಾಳಗಳ ಗಂಟು ಎಂಬ ಅನುಮಾನವಿದ್ದರೆ ಸೂಜಿ ಚುಚ್ಚುವುದು ಅಪಾಯಕರ. ಚಿತ್ರವನ್ನು ಮೊದಲು ಎಚ್ಚರಿಕೆಯಿಂದ ಪರಿಶೀಲಿಸುವುದು ಈ ಕಾರಣಕ್ಕಾಗಿಯೇ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳುತ್ತದೆ, ಹರಡುತ್ತದೆ ಎಂಬ ಭೀತಿ ಜನರಲ್ಲಿದೆ. ಸೂಜಿಯ ದಾರಿಯಲ್ಲಿ ರೋಗ ಹಬ್ಬುವುದು ಅತಿ ವಿರಳ. ಈ ಭೀತಿಯಿಂದ ಬಯಾಪ್ಸಿಯನ್ನು ನಿರಾಕರಿಸಿ ಚಿಕಿತ್ಸೆಯ ಕಾಲವನ್ನೇ ಕಳೆದುಕೊಳ್ಳುವುದು ಅದಕ್ಕಿಂತ ಎಷ್ಟೋ ದೊಡ್ಡ ಹಾನಿ. ತೆಗೆದ ತುಣುಕಿನ ಒಂದು ಭಾಗವನ್ನು ಕ್ಷಯಾಣು ಪರೀಕ್ಷೆಗೂ ಕಳುಹಿಸಬೇಕೆಂಬುದನ್ನು ಮರೆಯಬಾರದು.

ಕ್ಯಾನ್ಸರ್ ಎಂದು ದೃಢಪಟ್ಟರೆ

ಒಂದು ಸೆಂಟಿಮೀಟರಿನೊಳಗಿನ, ಬೇರೆಲ್ಲೂ ಹರಡದ ಶ್ವಾಸಕೋಶದ ಕ್ಯಾನ್ಸರನ್ನು ಸರಿಯಾಗಿ ಚಿಕಿತ್ಸೆ ಮಾಡಿದರೆ ಹತ್ತರಲ್ಲಿ ಸುಮಾರು ಒಂಬತ್ತು ರೋಗಿಗಳು ಐದು ವರ್ಷಗಳ ಬಳಿಕವೂ ಜೀವಿಸಿರುತ್ತಾರೆಂದು ಅಂತರರಾಷ್ಟ್ರೀಯ ಅಂಕಿ-ಅಂಶಗಳು ತಿಳಿಸುತ್ತವೆ. ಈ ಹಂತದಲ್ಲಿ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಹಿಂದೆ ಶ್ವಾಸಕೋಶದ ಒಂದು ಇಡೀ ಹಾಲೆಯನ್ನು ತೆಗೆಯುವುದೇ ರೂಢಿಯಾಗಿತ್ತು. ಎರಡು ಸೆಂಟಿಮೀಟರಿನೊಳಗಿನ, ಅಂಚಿನ ಭಾಗದಲ್ಲಿರುವ ಗಂಟಿಗೆ ಹಾಲೆಯ ಒಂದು ಭಾಗವನ್ನು ಮಾತ್ರ ತೆಗೆದರೂ ಸಾಕಾಗಬಹುದೆಂದು 2022 ಮತ್ತು 2023ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿಕೊಟ್ಟಿವೆ. ಶಸ್ತ್ರಚಿಕಿತ್ಸೆಯನ್ನು ತಾಳಲಾರದವರಿಗೆ ಗಂಟಿನ ಮೇಲೆ ನಿಖರವಾಗಿ ಕೇಂದ್ರೀಕರಿಸಿದ ವಿಕಿರಣ ಚಿಕಿತ್ಸೆ ಲಭ್ಯವಿದೆ. ಮುಂದುವರಿದ ರೋಗದಲ್ಲಿಯೂ, ತುಣುಕಿನ ಆನುವಂಶಿಕ ಪರೀಕ್ಷೆಯ ಆಧಾರದ ಮೇಲೆ, ಕೆಲವರಿಗೆ ಗುಳಿಗೆಯ ರೂಪದ ಔಷಧಿಯಿಂದಲೇ ಗಮನಾರ್ಹ ಪ್ರಯೋಜನವಾಗುತ್ತದೆ.

ಚಿಕಿತ್ಸೆಯ ವೆಚ್ಚದ ಚಿಂತೆಯಿಂದ ಹಿಂಜರಿಯುವವರು ಸರ್ಕಾರದ ನೆರವನ್ನು ಅರಿತಿರಬೇಕು. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ, ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ರಕ್ಷಣೆಯಿದೆ. ಕಾರ್ಡು ಪಡೆದ ಊರಿನಲ್ಲಿಯೇ ಚಿಕಿತ್ಸೆ ಪಡೆಯಬೇಕೆಂಬ ನಿರ್ಬಂಧವಿಲ್ಲ. 2024ರ ಅಕ್ಟೋಬರಿನಿಂದ 70 ವರ್ಷ ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಈ ಸೌಲಭ್ಯ ವಿಸ್ತರಿಸಿದೆ. ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೂ ಜಾರಿಯಲ್ಲಿದೆ. ಪುಣೆಯಿಂದ ಹೆಚ್ಚಿನ ಸಲಹೆಗೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೂ, ಕರ್ನಾಟಕಕ್ಕೆ ಹಿಂತಿರುಗುವವರು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೂ ಹೋಗಬಹುದು.

ರೋಗಿಯ ಹೊಣೆ

ಸಿ.ಟಿ. ಪರೀಕ್ಷೆಯ ಲಿಖಿತ ವರದಿ, ಫಿಲಂ ಮತ್ತು ಸಿ.ಡಿ. ಈ ಮೂರನ್ನೂ ಜೋಪಾನವಾಗಿಡಬೇಕು. ಐದು ವರ್ಷದ ಹಿಂದಿನ ಚಿತ್ರದಲ್ಲಿಯೂ ಅದೇ ಗಂಟು ಅದೇ ಗಾತ್ರದಲ್ಲಿ ಇದ್ದಿತೆಂದು ತಿಳಿದರೆ ಸೂಜಿಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಬೇಕಾಗದಿರಬಹುದು. ಹಳೆಯ ಫಿಲಂನಷ್ಟು ಅಗ್ಗವಾದ ಪರೀಕ್ಷೆ ಬೇರೊಂದಿಲ್ಲ. ಕೆಲಸಕ್ಕಾಗಿ ಊರಿಂದೂರಿಗೆ ಹೋಗುವವರು ಬಾಡಿಗೆ ಮನೆ ಬದಲಿಸುವಾಗ ಈ ದಾಖಲೆಗಳನ್ನು ಪಡಿತರ ಚೀಟಿಯಷ್ಟೇ ಜಾಗ್ರತೆಯಿಂದ ಕೊಂಡೊಯ್ಯಬೇಕು.

ವರದಿ ಇಂಗ್ಲಿಷಿನಲ್ಲಿರುತ್ತದೆ, ವೈದ್ಯರ ಮಾತು ಮರಾಠಿಯಲ್ಲಿರಬಹುದು. ಅರ್ಥವಾಗದಿದ್ದರೆ ಸಂಕೋಚಪಡದೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಗಂಟಿನ ಗಾತ್ರ ಎಷ್ಟು? ಅದು ಗಟ್ಟಿಯೋ ಮಸುಕೋ? ಕ್ಷಯದ ಪುರಾವೆ ದೊರೆತಿದೆಯೇ? ಮುಂದಿನ ಪರೀಕ್ಷೆ ಯಾವ ತಿಂಗಳಲ್ಲಿ? ಕೊನೆಯ ಪ್ರಶ್ನೆಯ ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಬೇಕು. ಮನೆಯ ಇನ್ನೊಬ್ಬರಿಗೂ ಅದು ತಿಳಿದಿರಬೇಕು.

ಗಂಟು ಯಾವುದೇ ಆಗಿರಲಿ, ಬೀಡಿ-ಸಿಗರೇಟನ್ನು ತ್ಯಜಿಸುವುದರಿಂದ ಲಾಭವೇ ಹೊರತು ನಷ್ಟವಿಲ್ಲ. ಇದಕ್ಕೆ ನೆರವಾಗಲು 1800-112-356 ಸಂಖ್ಯೆಯ ಉಚಿತ ರಾಷ್ಟ್ರೀಯ ದೂರವಾಣಿ ಸೇವೆಯಿದೆ. ಕ್ಷಯದ ಕುರಿತ ಮಾಹಿತಿಗೆ 1800-11-6666 ಸಂಖ್ಯೆಯನ್ನು ಸಂಪರ್ಕಿಸಬಹುದು. ಧೂಳಿನ ಕೆಲಸದಲ್ಲಿ ನೀರು ಸಿಂಪಡಿಸುವುದು, ಸರಿಯಾದ ಮುಖಗವಸು ಧರಿಸುವುದು, ಅಡುಗೆಮನೆಯ ಹೊಗೆಯನ್ನು ತಗ್ಗಿಸುವುದು ಇವು ಶ್ವಾಸಕೋಶವನ್ನು ಕಾಪಾಡುವ ಸರಳ ಉಪಾಯಗಳು.

ಸಿ.ಟಿ. ಯಂತ್ರವು ನೆರಳನ್ನು ತೋರಿಸಬಲ್ಲದು. ಆ ನೆರಳಿನ ಅರ್ಥವನ್ನು ತಿಳಿಯಲು ವೈದ್ಯರ ವಿವೇಚನೆ, ಸೂಕ್ತ ಪರೀಕ್ಷೆ ಮತ್ತು ರೋಗಿಯ ಸಹನೆ ಮೂರೂ ಬೇಕು. ಗಂಟು ಕಂಡ ಹತ್ತು ಜನರಲ್ಲಿ ಬಹುತೇಕರು ನಿಶ್ಚಿಂತರಾಗಿ ಮನೆಗೆ ಮರಳುವವರೇ. ಉಳಿದವರಿಗೂ ರೋಗ ಸಣ್ಣದಿರುವಾಗಲೇ ಅದನ್ನು ಗೆಲ್ಲುವ ಅವಕಾಶ ದೊರೆಯಬೇಕಾದರೆ, ಗೊತ್ತುಪಡಿಸಿದ ದಿನ ಮರುಪರೀಕ್ಷೆಗೆ ಹಾಜರಾಗುವುದು ಅತ್ಯಗತ್ಯ.